ಬುಡ ನೋಡಿ ಬೆಟ್ಟ ಆರಿಸಿ

(ತುಮಕೂರಿನಲ್ಲಿ ಬೆಳಗಿನ ನಡಿಗೆಗೆ ಸೇರುವ ಕೆಲವು ಕುಟುಂಬಗಳ ಮುಂದೆ ಆಡಿದ ಮಾತಿನ ಬರಹ ರೂಪ. ನಡುನಡುವೆ ಬಂದ ಪ್ರಶ್ನೆಗಳನ್ನು ಕೊನೆಗೆ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಮೊದಲೇ ಹೇಳಿಬಿಡುತ್ತೇನೆ, ಈ ಮಾತು ಚಾರಣಿಗರಿಗಲ್ಲ. ಹಣೆಗೆ ಟಾರ್ಚು ಕಟ್ಟಿಕೊಂಡು ನಡುರಾತ್ರಿ ಹತ್ತುವವರಿಗೆ ನನ್ನಿಂದ ಆಗಬೇಕಾದ್ದು ಏನೂ ಇಲ್ಲ. ಮೊಣಕಾಲು ನೋವಿನ ಅತ್ತೆ, "ಎತ್ಕೋ" ಅಂತ ಹಟ ಮಾಡುವ ನಾಲ್ಕು ವರ್ಷದ ಮಗು, ವಾರವಿಡೀ ಕುರ್ಚಿ ಬಿಟ್ಟು ಏಳದ ಅಪ್ಪ, ಮೊಬೈಲ್ ಬಿಡದ ಮಗಳು. ಇವರೆಲ್ಲ ಒಂದೇ ಕಾರಿನಲ್ಲಿ ಹೊರಟರೆ ಎಲ್ಲಿಗೆ ಹೋಗಬೇಕು? ನನ್ನ ಮಾತು ಇಷ್ಟರ ಬಗ್ಗೆ ಮಾತ್ರ.

ತುಮಕೂರು, ಕೋಲಾರ, ಚಿಕ್ಕಬಳ್ಳಾಪುರ, ಈ ಮೂರು ಜಿಲ್ಲೆಗಳಲ್ಲಿ ನೀರಿಗೆ ಬರ ಇರಬಹುದು, ಬೆಟ್ಟಕ್ಕಿಲ್ಲ. ಬಸ್ಸಿನ ಯಾವ ಕಿಟಕಿಯಲ್ಲಿ ನೋಡಿದರೂ ಒಂದು ಬಂಡೆ, ಬಂಡೆಯ ಮೇಲೊಂದು ಗುಡಿ ಅಥವಾ ಒಡೆದ ಕೋಟೆ ಗೋಡೆ ಕಾಣುತ್ತದೆ. ಹತ್ತಲು ಬೆಟ್ಟ ಸಿಗದೆ ಯಾರೂ ಕೂತಿಲ್ಲ. ತಪ್ಪು ಬೆಟ್ಟಕ್ಕೆ ಹೋಗಿ, ಅರ್ಧದಲ್ಲಿ ಜಗಳ ಆಡಿಕೊಂಡು ಇಳಿದು, "ಇನ್ಮೇಲೆ ಮಾಲ್‌ಗೇ ಹೋಗೋಣ" ಅಂದವರು ಮಾತ್ರ ಬೇಕಾದಷ್ಟು ಜನ ಇದ್ದಾರೆ.

ಬೆಟ್ಟದ ಮಾತು ಬಂದರೆ ಎಲ್ಲರೂ ಮೊದಲು ಕೇಳುವುದು "ಎಷ್ಟು ಎತ್ತರ?" ಅಂತ. ನನ್ನ ಪ್ರಕಾರ ಅಷ್ಟು ಕೆಲಸಕ್ಕೆ ಬಾರದ ಪ್ರಶ್ನೆ ಇನ್ನೊಂದಿಲ್ಲ. ನಾವು ಈಗ ಕೂತಿರುವ ಊರೇ ಸಮುದ್ರ ಮಟ್ಟದಿಂದ ಸುಮಾರು 800 ಮೀಟರ್ ಮೇಲಿದೆ. ಚಿಕ್ಕಬಳ್ಳಾಪುರ ಪಟ್ಟಣ 900 ದಾಟುತ್ತದೆ. ನಂದಿಬೆಟ್ಟದ ಎತ್ತರ 1,478 ಮೀಟರ್ ಅಂತ ಬೋರ್ಡಿನಲ್ಲಿ ಓದಿ ಗಾಬರಿಯಾಗಬೇಡಿ. ಅದರಲ್ಲಿ ಅರ್ಧಕ್ಕಿಂತ ಜಾಸ್ತಿ ಹತ್ತಿದ ಮೇಲೇ ನಮ್ಮ ಮನೆಗಳಿವೆ.

ಇನ್ನೊಂದು ಜೋಡಿ ನೋಡಿ. ಮಧುಗಿರಿ ಬೆಟ್ಟ, ದೇವರಾಯನದುರ್ಗ. ಎರಡೂ ಸುಮಾರು 1,200 ಮೀಟರ್. ಕಾಗದದ ಮೇಲೆ ಅವಳಿ ಜವಳಿ. ಆದರೆ ದೇವರಾಯನದುರ್ಗಕ್ಕೆ ಅಜ್ಜಿಯನ್ನು ಕರೆದುಕೊಂಡು ಹೋಗಬಹುದು. ಕಾರು ಬಹಳ ದೂರ ಹತ್ತುತ್ತದೆ, ಆಮೇಲೆ ಮೆಟ್ಟಿಲು. ಮಧುಗಿರಿಯಲ್ಲಿ ಕಬ್ಬಿಣದ ಕಂಬಿ ಹಿಡಿದುಕೊಂಡು ಇಳಿಜಾರು ಬಂಡೆಯ ಮೇಲೆ ಹೋಗುವಾಗ ಗಟ್ಟಿ ಆಳುಗಳೂ ದೇವರನ್ನು ನೆನೆಯುತ್ತಾರೆ. ಎತ್ತರ ಒಂದೇ, ಬೆಟ್ಟ ಮಾತ್ರ ಬೇರೆ ಬೇರೆ.

ಹಾಗಾದರೆ ಏನು ನೋಡಬೇಕು? ಬುಡ ನೋಡಿ. ಬುಡದಲ್ಲಿ ಕೂರಲು, ನೋಡಲು ಏನಾದರೂ ಇದೆಯಾ? ಮನೆಯಲ್ಲಿ ಒಬ್ಬರಾದರೂ ಹತ್ತುವುದಿಲ್ಲ ಅನ್ನುವವರು ಇದ್ದೇ ಇರುತ್ತಾರೆ. ಅವರನ್ನು ಕಾರಿನಲ್ಲಿ ಕೂರಿಸಿ ಹೋದರೆ ಅವರಿಗೂ ಸುಖವಿಲ್ಲ, ಹತ್ತುವವರಿಗೂ ಇಲ್ಲ. ಆಮೇಲೆ ನಡುವನ್ನು ನೋಡಿ. ಅರ್ಧದಲ್ಲಿ ನಿಂತು "ಇಲ್ಲಿಗೆ ಸಾಕು" ಅನ್ನಲು ಒಂದು ಮಂಟಪ, ಒಂದು ಬಾಗಿಲು, ಒಂದು ಮರದ ನೆರಳು ಸಿಗುತ್ತದಾ? ಇವೆರಡೂ ಇದ್ದರೆ ತುದಿಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಾಗಿಲ್ಲ.

ಹಳಬರು ಇದನ್ನು ಚೆನ್ನಾಗಿ ಬಲ್ಲವರು. ದೇವರಾಯನದುರ್ಗದಲ್ಲಿ ಕೆಳಗೆ ಭೋಗ ನರಸಿಂಹ, ಮೇಲೆ ಯೋಗ ನರಸಿಂಹ. ನಂದಿಯಲ್ಲಿ ಕೆಳಗೆ ಭೋಗ ನಂದೀಶ್ವರ, ಮೇಲೆ ಯೋಗ ನಂದೀಶ್ವರ. ಇದಕ್ಕೆ ಶಾಸ್ತ್ರದ ಅರ್ಥ ಏನೇ ಇರಲಿ, ಸಂಸಾರಸ್ಥರಿಗೆ ಇದರಲ್ಲಿ ದೊಡ್ಡ ಅನುಕೂಲ ಇದೆ. ಹತ್ತಲಾಗದವರಿಗೂ ದರ್ಶನ ಆಯಿತು, ಹತ್ತಿದವರಿಗೂ ಆಯಿತು. ಯಾರೂ ಯಾರಿಗೂ ಕಾಯುತ್ತಾ ಗೊಣಗುವುದಿಲ್ಲ.

ಈಗ ಒಂದೊಂದಾಗಿ ಬೆಟ್ಟಗಳಿಗೆ ಬರೋಣ. ನನಗೆ ಇಷ್ಟವಾದದ್ದರ ಬಗ್ಗೆ ಜಾಸ್ತಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ಮೊದಲ ಸಲ ಮಕ್ಕಳನ್ನು ಕರೆದುಕೊಂಡು ಹೊರಡುವವರಿಗೆ ನಾನು ಹೇಳುವುದು ಮಂದಾರಗಿರಿ. ನಮ್ಮಲ್ಲಿ ಬಸದಿ ಬೆಟ್ಟ ಅಂದರೇ ಜಾಸ್ತಿ ಜನಕ್ಕೆ ಗೊತ್ತಾಗುತ್ತದೆ. ಊರಿನಿಂದ ಹತ್ತಿರ, ಪಂಡಿತನಹಳ್ಳಿಯ ಬಳಿ. ಬುಡದಲ್ಲಿ ನವಿಲುಗರಿಯ ಪಿಂಛಿಯ ಆಕಾರದಲ್ಲಿ ಕಟ್ಟಿದ 81 ಅಡಿ ಎತ್ತರದ ಗುರುಮಂದಿರ ಇದೆ. ಮಕ್ಕಳಿಗೆ ಅದೊಂದೇ ಅರ್ಧ ಗಂಟೆಗೆ ಸಾಕು. ಜೈನ ಮುನಿಗಳು ಕೈಯಲ್ಲಿ ಪಿಂಛಿ ಹಿಡಿಯುವುದು ಯಾಕೆ ಅಂತ ಅಲ್ಲೇ ಹೇಳಿಕೊಡಿ. ಕೂರುವ ಮುಂಚೆ ನೆಲದ ಮೇಲಿನ ಇರುವೆ, ಹುಳಗಳನ್ನು ನೋವಾಗದಂತೆ ಸರಿಸಲು. ಇದನ್ನು ಕೇಳಿದ ಮಕ್ಕಳು ಆಮೇಲೆ ಮೆಟ್ಟಿಲ ಮೇಲಿನ ಇರುವೆ ಸಾಲು ದಾಟಿಕೊಂಡೇ ಹತ್ತುತ್ತಾರೆ, ನೋಡಿ ಬೇಕಾದರೆ.

ಮೆಟ್ಟಿಲು ನಾನೂರೈವತ್ತರ ಆಸುಪಾಸು. ಬಂಡೆಯಲ್ಲೇ ಕಡಿದವು. ನೆರಳು ಕಡಿಮೆ, ಅದಕ್ಕೇ ಬೆಳಿಗ್ಗೆ ಬೇಗ ಹೋಗಬೇಕು. ಮೇಲೆ ಹಳೆಯ ಜೈನ ಬಸದಿಗಳು, ಹಿಂದಕ್ಕೆ ಮೈದಾಳ ಕೆರೆ. ಕೆರೆ ತುಂಬಿದ ವರ್ಷ ನೋಡಿದವರು ಪುಣ್ಯವಂತರು. ತುಂಬದಿದ್ದರೂ ಕೆರೆಯ ಅಂಗಳ, ಅದರಾಚೆಯ ತೋಟಗಳು, ದೂರದ ಬೆಟ್ಟಸಾಲು ಎಲ್ಲ ಒಟ್ಟಿಗೆ ಕಾಣುತ್ತವೆ. ಹತ್ತಿ, ಸುತ್ತಾಡಿ, ಇಳಿಯಲು ಎರಡು ಗಂಟೆ ಇಟ್ಟುಕೊಂಡರೆ ಆರಾಮ. ಬಸದಿಯ ಹತ್ತಿರ ಚಪ್ಪಲಿ ಬಿಡಬೇಕು. ಹತ್ತು ಗಂಟೆ ಆದ ಮೇಲೆ ಆ ಬಂಡೆಯ ಮೇಲೆ ಬರಿಗಾಲಲ್ಲಿ ನಿಂತು ನೋಡಿ, ನಾನು ಬೇಗ ಹೋಗಿ ಅಂದದ್ದು ಯಾಕೆ ಅಂತ ಗೊತ್ತಾಗುತ್ತದೆ.

ಅಲ್ಲೇ ಹತ್ತಿರ ಸಿದ್ಧಗಂಗೆ. ಮಠಕ್ಕೆ ಹೋಗದವರು ತುಮಕೂರಿನಲ್ಲಿ ಯಾರೂ ಇಲ್ಲ, ಮಠದ ಹಿಂದಿನ ಬೆಟ್ಟ ಹತ್ತದವರು ಮಾತ್ರ ಬಹಳ ಜನ. ಮೆಟ್ಟಿಲು ಚೆನ್ನಾಗಿದೆ, ದಾರಿ ಚಿಕ್ಕದು. ಮೇಲೆ ಸಿದ್ಧಲಿಂಗೇಶ್ವರನ ಗುಡಿ, ಬಂಡೆಯ ಸಂದಿನಲ್ಲಿ ಗಂಗೆ. ಹೊಸದಾಗಿ ನಡೆಯಲು ಶುರುಮಾಡಿದ ಹಿರಿಯರು ವಾರಕ್ಕೊಮ್ಮೆ ಇಲ್ಲಿ ಅಭ್ಯಾಸ ಮಾಡಿಕೊಂಡರೆ ಬೇರೆ ಬೆಟ್ಟಕ್ಕೆ ಧೈರ್ಯ ಬರುತ್ತದೆ.

ದೇವರಾಯನದುರ್ಗದ ಬಗ್ಗೆ ಸ್ವಲ್ಪ ಹೊತ್ತು ಮಾತಾಡಬೇಕು. ಜನ ಅಲ್ಲಿಗೆ ಹೋಗಿ, ಮೇಲಿನ ಗುಡಿ ನೋಡಿ, ಸೆಲ್ಫಿ ತೆಗೆದುಕೊಂಡು, ಇಳಿದುಬಿಡುತ್ತಾರೆ. ಅಲ್ಲಿನ ಒಳ್ಳೆಯ ನಡಿಗೆ ತುದಿಯಲ್ಲಿಲ್ಲ. ಬುಡದ ನಾಮದ ಚಿಲುಮೆಯಿಂದ ಶುರುಮಾಡಿ. ಬಂಡೆಯ ಒಂದು ಸಣ್ಣ ಕುಳಿಯಲ್ಲಿ ವರ್ಷವಿಡೀ ನೀರು. ವನವಾಸದಲ್ಲಿದ್ದ ರಾಮ ಹಣೆಗೆ ನಾಮ ಇಟ್ಟುಕೊಳ್ಳಲು ನೀರು ಸಿಗದೆ ಬಾಣ ಬಿಟ್ಟ, ಚಿಲುಮೆ ಚಿಮ್ಮಿತು ಅನ್ನುವುದು ಕತೆ. ಪಕ್ಕದಲ್ಲೇ ಜಿಂಕೆಗಳಿವೆ, ಔಷಧಿ ಗಿಡಗಳ ತೋಟ ಇದೆ. ಕಾಡಿನ ನೆರಳೂ ಇದೆ. ಮಕ್ಕಳನ್ನು ಇಲ್ಲಿಂದ ಎಬ್ಬಿಸುವುದೇ ಕಷ್ಟ.

ಆಮೇಲೆ ಭೋಗ ನರಸಿಂಹನ ಗುಡಿಯವರೆಗೆ ವಾಹನದಲ್ಲಿ ಬಂದು, ಅಲ್ಲಿಂದ ಮೇಲಕ್ಕೆ ನಡೆಯಿರಿ. ಕಾರು ಇನ್ನೂ ಮೇಲೆ ಹೋಗುತ್ತದೆ, ನಿಜ. ಆದರೂ ನಡೆಯಿರಿ. ಬೆಳಗಿನ ಹೊತ್ತು ಈ ಬಂಡೆ ಪೊದೆಗಳಲ್ಲಿ ಹಳದಿ ಕೊರಳಿನ ಪಿಕಳಾರ ಸಿಗುತ್ತದೆ. ದಕ್ಷಿಣ ಭಾರತದ ಇಂಥ ಕಲ್ಲುಬೆಟ್ಟಗಳನ್ನು ಬಿಟ್ಟರೆ ಜಗತ್ತಿನಲ್ಲಿ ಬೇರೆಲ್ಲೂ ಇಲ್ಲದ ಹಕ್ಕಿ ಅದು. ಅದನ್ನು ಹುಡುಕಿಕೊಂಡು ಎಲ್ಲೆಲ್ಲಿಂದಲೋ ಕ್ಯಾಮೆರಾ ಹೊತ್ತು ಬರುತ್ತಾರೆ. ನಾವು ಅದರ ಪಕ್ಕದಲ್ಲೇ ಕೂತು ಚಿತ್ರಾನ್ನ ತಿಂದು ಬಂದಿರುತ್ತೇವೆ.

ಮೇಲೆ ನಿಂತು ಮಕ್ಕಳಿಗೆ ಇನ್ನೊಂದು ಹೇಳಿ. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಜಯಮಂಗಲಿ ಉತ್ತರಕ್ಕೆ ಹರಿದು ಉತ್ತರ ಪಿನಾಕಿನಿಯನ್ನು ಸೇರುತ್ತದೆ. ಇಲ್ಲೇ ಹುಟ್ಟುವ ಶಿಂಷಾ ದಕ್ಷಿಣಕ್ಕೆ ಹರಿದು ಕಾವೇರಿಯನ್ನು ಸೇರುತ್ತದೆ. ಅಂದರೆ ಒಂದೇ ಬೆಟ್ಟದ ಮೇಲೆ ಸುರಿದ ಮಳೆ ಒಂದು ಕಡೆ ಆಂಧ್ರಕ್ಕೆ, ಇನ್ನೊಂದು ಕಡೆ ತಮಿಳುನಾಡಿಗೆ ಹೋಗುತ್ತದೆ. ಪುಸ್ತಕದಲ್ಲಿ ಜಲವಿಭಜಕ ಅಂತ ಬಾಯಿಪಾಠ ಮಾಡುವುದಕ್ಕಿಂತ ಇಲ್ಲಿ ನಿಂತು ಬಾಟಲಿ ನೀರು ಎರಡು ಕಡೆ ಚೆಲ್ಲಿ ತೋರಿಸಿದರೆ ಬೇಗ ಅರ್ಥವಾಗುತ್ತದೆ.

ಕೊರಟಗೆರೆ ಕಡೆಯ ಸಿದ್ಧರಬೆಟ್ಟ ಕೂಡ ಒಳ್ಳೆಯದೇ. ಮೆಟ್ಟಿಲಿದೆ, ಗವಿಯೊಳಗೆ ಸಿದ್ಧೇಶ್ವರ, ದಾರಿಯುದ್ದಕ್ಕೂ ಗಿಡಮೂಲಿಕೆಯ ಕತೆಗಳು. ಯಾವ ಎಲೆಯನ್ನೂ ಕಿತ್ತು ಬಾಯಿಗೆ ಹಾಕಬೇಡಿ, ಯಾರು ಏನೇ ಹೇಳಲಿ. ಕುಣಿಗಲ್ ಕಡೆಯವರಿಗೆ ಹುತ್ರಿದುರ್ಗ ಇದೆ. ಒಂದಾದ ಮೇಲೊಂದು ಕೋಟೆ ಬಾಗಿಲು, ಪ್ರತಿ ಬಾಗಿಲೂ ಕೂರುವ ಜಾಗ. ಜನಸಂದಣಿ ಕಡಿಮೆ.

ಮಧುಗಿರಿಗೆ ಹೋಗಲೇಬಾರದಾ ಅಂತ ಕೇಳುತ್ತೀರಿ. ಹೋಗಿ. ಇಡೀ ಬೆಟ್ಟವೇ ಒಂದು ಬಂಡೆ, ಏಷ್ಯಾದ ದೊಡ್ಡ ಏಕಶಿಲಾ ಬೆಟ್ಟಗಳಲ್ಲೊಂದು. ಆದರೆ ಮಕ್ಕಳ ಜೊತೆಗಾದರೆ ಊರಿನಲ್ಲಿರುವ ವೆಂಕಟರಮಣಸ್ವಾಮಿ, ಮಲ್ಲೇಶ್ವರ ಗುಡಿಗಳನ್ನು ನೋಡಿ, ಕೋಟೆಯ ಕೆಳಗಿನ ಬಾಗಿಲುಗಳವರೆಗೆ ಹೋಗಿ, ಕಂಬಿ ಶುರುವಾಗುವ ಮುಂಚೆ ವಾಪಸ್ ಬನ್ನಿ. ಇದೇ ಮಾತು ಶಿವಗಂಗೆಗೂ ಸಲ್ಲುತ್ತದೆ. ಅದು ನಮ್ಮ ಜಿಲ್ಲೆಯದ್ದಲ್ಲ, ನೆಲಮಂಗಲದ್ದು, ಆದರೂ ನಾವು ಬಿಟ್ಟುಕೊಡುವುದಿಲ್ಲ. ಒಳಕಲ್ಲು ತೀರ್ಥದವರೆಗೆ ಎಲ್ಲರೂ ಹೋಗಬಹುದು. ಅಲ್ಲಿಂದ ಮೇಲಿನ ಕಡಿದಾದ ಮೆಟ್ಟಿಲು ಸಣ್ಣ ಮಕ್ಕಳಿಗಲ್ಲ.

ಕೋಲಾರದಲ್ಲಿ ಅಂತರಗಂಗೆ. ಊರಿನ ಅಂಚಿನಲ್ಲೇ ಶತಶೃಂಗ ಬೆಟ್ಟಸಾಲು. ಮರದ ನೆರಳಿನಲ್ಲಿ ಮೆಟ್ಟಿಲು ಹತ್ತಿದರೆ ಕಾಶಿ ವಿಶ್ವೇಶ್ವರನ ಗುಡಿ. ಕಲ್ಲು ಬಸವನ ಬಾಯಿಂದ ಕಲ್ಯಾಣಿಗೆ ನೀರು ಬೀಳುತ್ತಲೇ ಇರುತ್ತದೆ. ಕೋಲಾರದಂಥ ಒಣ ಸೀಮೆಯಲ್ಲಿ ಈ ನೀರು ನೋಡುವುದೇ ಒಂದು ಹಬ್ಬ. ಮನೆಮಂದಿಗೆ ಇಷ್ಟೇ ಸಾಕು. ಮೇಲೆ ಬಂಡೆಗಳ ನಡುವೆ ಗವಿಗಳಿವೆ, ತೆವಳಿಕೊಂಡು ಹೋಗುವಂಥವು. ದಾರಿ ಬಲ್ಲ ಸ್ಥಳೀಯರು ಜೊತೆಗಿಲ್ಲದೆ ಒಳಗೆ ಹೋಗಬೇಡಿ, ಮಕ್ಕಳನ್ನಂತೂ ಬಿಡಲೇಬೇಡಿ. ಇಲ್ಲಿನ ಕೋತಿಗಳ ವಿಷಯಕ್ಕೆ ಆಮೇಲೆ ಬರುತ್ತೇನೆ.

ಮುಳಬಾಗಿಲು ತಾಲ್ಲೂಕಿನ ಆವಣಿ ನನಗೆ ಅಂತರಗಂಗೆಗಿಂತ ಒಂದು ಕೈ ಮೇಲು. ಬುಡದಲ್ಲಿ ನೊಳಂಬರ ಕಾಲದ ರಾಮಲಿಂಗೇಶ್ವರ ಗುಡಿಗಳ ಗುಂಪು. ರಾಮ, ಲಕ್ಷ್ಮಣ, ಭರತ, ಶತ್ರುಘ್ನ ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಲಿಂಗ. ವಾಲ್ಮೀಕಿ ಆಶ್ರಮ ಇಲ್ಲೇ ಇತ್ತು, ಲವ ಕುಶರು ಇಲ್ಲೇ ಹುಟ್ಟಿದರು ಅಂತ ಊರಿನವರ ನಂಬಿಕೆ. ಬೆಟ್ಟದ ಮೇಲೆ ಸೀತೆಯ ಗುಡಿ ಇದೆ. ಹತ್ತುವ ದಾರಿಯಲ್ಲಿ ಒಂದರ ಮೇಲೊಂದು ಕೂತ ಬಂಡೆಗಳಿಗೆಲ್ಲ ಒಂದೊಂದು ಕತೆ ಇದೆ. ಕತೆ ಹೇಳುವವರು ಸಿಕ್ಕರೆ ಬೇಗ ಹೊರಡಬೇಡಿ. ವಾಪಸ್ ಬರುವಾಗ ಮುಳಬಾಗಿಲು ದೋಸೆ ಇದ್ದೇ ಇದೆ. ಹಸಿದ ಮಕ್ಕಳನ್ನು ಇಳಿಸಲು ಇದಕ್ಕಿಂತ ಒಳ್ಳೆಯ ಆಸೆ ಬೇರೆ ಇಲ್ಲ.

ಇನ್ನು ಚಿಕ್ಕಬಳ್ಳಾಪುರ. ನಂದಿಬೆಟ್ಟಕ್ಕೆ ಭಾನುವಾರ ಬೆಳಿಗ್ಗೆ ಕಾರಿನಲ್ಲಿ ಹೋಗುವವರಿಗೆ ನನ್ನ ಸಹಾನುಭೂತಿ. ಸೂರ್ಯೋದಯವನ್ನು ಮುಂದಿನ ಕಾರಿನ ಬ್ರೇಕ್ ಲೈಟಿನಲ್ಲಿ ನೋಡಬೇಕಾಗುತ್ತದೆ. ವಾರದ ನಡುವೆ ರಜೆ ಸಿಕ್ಕರೆ ಹೋಗಿ. ಮೊದಲು ಕೆಳಗಿನ ನಂದಿ ಗ್ರಾಮದಲ್ಲಿ ಭೋಗ ನಂದೀಶ್ವರ ನೋಡಿ. ಒಂಬತ್ತನೇ ಶತಮಾನದಷ್ಟು ಹಳೆಯ ಗುಡಿ. ವಿಶಾಲವಾದ ಅಂಗಳ, ಒಳಗೆ ದೊಡ್ಡ ಕಲ್ಯಾಣಿ, ಸಮತಟ್ಟು ನೆಲ. ಗಾಲಿಕುರ್ಚಿಯವರನ್ನೂ ಮಕ್ಕಳ ಗಾಡಿಯನ್ನೂ ಅಂಗಳದಲ್ಲಿ ಸುತ್ತಾಡಿಸಬಹುದು, ಹೊಸ್ತಿಲುಗಳ ಹತ್ತಿರ ಮಾತ್ರ ಕೈ ಕೊಡಬೇಕು. ಕಾಲು ಗಟ್ಟಿ ಇರುವ ಹುಡುಗರು ಸುಲ್ತಾನ್‌ಪೇಟೆ ಕಡೆಯ ಹಳೆಯ ಮೆಟ್ಟಿಲ ದಾರಿ ಹಿಡಿಯಬಹುದು. ಸಾವಿರಕ್ಕೂ ಜಾಸ್ತಿ ಮೆಟ್ಟಿಲು, ಮನೆಮಂದಿಗೆಲ್ಲ ಆಗುವ ಮಾತಲ್ಲ. ಬೆಟ್ಟದ ಮೇಲೆ ಮಾತ್ರ ಎಲ್ಲರೂ ನಡೆಯಬಹುದು. ಗಾಂಧೀಜಿ 1927ರಲ್ಲಿ ಆರೋಗ್ಯ ಸುಧಾರಿಸಿಕೊಳ್ಳಲು ಬಂದು ಉಳಿದದ್ದು ಇಲ್ಲೇ. ಬೆಟ್ಟಕ್ಕೆ ಬೆವರು ಸುರಿಸಲೇ ಹೋಗಬೇಕು ಅಂತ ಏನಿಲ್ಲ, ಸುಮ್ನೆ ಗಾಳಿ ಕುಡಿದು ಬಂದರೂ ಆಯಿತು.

ಸ್ಕಂದಗಿರಿಯನ್ನು ಈ ಪಟ್ಟಿಯಿಂದ ತೆಗೆದಿದ್ದೇನೆ. ಅದಕ್ಕೆ ಆನ್‌ಲೈನ್ ಬುಕಿಂಗ್ ಬೇಕು, ದಾರಿ ಕಡಿದು. ಫೋಟೊದ ಮೋಡ ನೋಡಿ ಮಗು ಎತ್ತಿಕೊಂಡು ಹೊರಡಬೇಡಿ.

ಅದರ ಬದಲು ಗುಡಿಬಂಡೆಗೆ ಹೋಗಿ. ಚಿಕ್ಕ ಊರು, ಊರಿನ ನೆತ್ತಿಯ ಮೇಲೇ ಕೋಟೆ. ಪಾಳೆಯಗಾರ ಬೈರೇಗೌಡ ಕಟ್ಟಿಸಿದ್ದು. ಅರ್ಧ ಮುಕ್ಕಾಲು ಗಂಟೆಯ ಹತ್ತು. ಈ ಕೋಟೆಯಲ್ಲಿ ನೋಡಬೇಕಾದ್ದು ದೊಣೆಗಳು, ಅಂದರೆ ಬಂಡೆಯ ಮೇಲೆ ಮಳೆ ನೀರು ನಿಲ್ಲುವ ಹೊಂಡಗಳು. ಬಂಡೆಯ ಮೇಲೆ ಒಟ್ಟು 19 ದೊಣೆಗಳಿವೆ. ಮೇಲಿನದು ತುಂಬಿ ಉಕ್ಕಿದರೆ ನೀರು ಕೆಳಗಿನದಕ್ಕೆ ಹೋಗುವಂಥ ಏರ್ಪಾಡು. ಬೋರ್‌ವೆಲ್ ಇಲ್ಲದ ಕಾಲದಲ್ಲಿ ಒಂದು ಹನಿ ಮಳೆಯನ್ನೂ ಬಂಡೆಯಿಂದ ಸುಮ್ಮನೆ ಜಾರಿಹೋಗಲು ಬಿಟ್ಟಿಲ್ಲ. ಸಾವಿರ ಅಡಿ ಕೊರೆದರೂ ನೀರು ಕಾಣದ ಇಂದಿನ ನಮ್ಮ ಊರುಗಳ ಎಂಜಿನಿಯರುಗಳು ಇಲ್ಲಿಗೆ ಒಂದು ಸಲ ಪಿಕ್ನಿಕ್ ಬಂದರೆ ತಪ್ಪಿಲ್ಲ. ಮೇಲಿಂದ ಕಾಣುವ ಬೈರಸಾಗರ ಕೆರೆ ಭಾರತದ ನಕ್ಷೆಯ ಹಾಗಿದೆ ಅಂತ ಎಲ್ಲರೂ ಹೇಳುತ್ತಾರೆ. ಕೆರೆ ತುಂಬಿದಾಗ ಸ್ವಲ್ಪ ಉದಾರವಾಗಿ ನೋಡಿದರೆ ಹಾಗೆ ಕಾಣುತ್ತದೆ, ಇಲ್ಲ ಅನ್ನಲಾರೆ.

ದೊಣೆಯ ಹತ್ತಿರ ಒಂದು ಎಚ್ಚರಿಕೆ. ಮಕ್ಕಳನ್ನು ಅಂಚಿಗೆ ಬಿಡಬೇಡಿ. ಅಂಚು ಪಾಚಿ ಹಿಡಿದು ಜಾರುತ್ತದೆ, ತಳದಲ್ಲಿ ಕೆಸರು ಇರುತ್ತದೆ, ಎಷ್ಟು ಆಳ ಅಂತ ಮೇಲಿಂದ ತಿಳಿಯುವುದಿಲ್ಲ. ಈಜು ಬರುವವರಿಗೂ ಜಾರುವ ಬಂಡೆ ಹಿಡಿದು ಮೇಲೆ ಬರುವುದು ಕಷ್ಟ.

ಎಚ್ಚರಿಕೆಯ ಮಾತು ಬಂತಲ್ಲ, ಇನ್ನೆರಡು ಹೇಳಿಬಿಡುತ್ತೇನೆ. ನಮ್ಮ ಬೆಟ್ಟಗಳ ಕಲ್ಲು ಬಹಳ ಹಳೆಯದು. ಮಧುಗಿರಿಯಿಂದ ರಾಮನಗರದ ಕಡೆಗೆ ಹಬ್ಬಿದ ಗ್ರಾನೈಟ್ ಪಟ್ಟಿಗೆ ಸುಮಾರು 250 ಕೋಟಿ ವರ್ಷ. ಬಿಸಿಲಿಗೆ ಕಾದು, ರಾತ್ರಿಗೆ ತಣಿದು, ಮೇಲಿನ ಪದರ ಈರುಳ್ಳಿ ಸಿಪ್ಪೆಯ ಹಾಗೆ ಬಿಟ್ಟುಕೊಳ್ಳುತ್ತದೆ. ಕಾಲಿಟ್ಟಾಗ ಟೊಳ್ಳು ಸದ್ದು ಬಂದರೆ ಪಕ್ಕಕ್ಕೆ ಸರಿಯಿರಿ. ಬಂಡೆಯ ಮೇಲೆ ಮೇಲಿಂದ ಕೆಳಗೆ ಕಪ್ಪು ಗೆರೆಗಳು ಇರುತ್ತವಲ್ಲ, ಅವು ಮಳೆ ನೀರಿನ ದಾರಿ. ಒಣಗಿದ್ದಾಗ ತೊಂದರೆಯಿಲ್ಲ. ನಾಲ್ಕು ಹನಿ ಬಿದ್ದರೆ ಅಲ್ಲಿ ಯಾವ ಶೂ ಕೂಡ ನಿಲ್ಲುವುದಿಲ್ಲ. ಏಪ್ರಿಲ್, ಮೇ ತಿಂಗಳ ಮಧ್ಯಾಹ್ನ ಬಯಲು ಬಂಡೆಯ ಮೇಲೆ ಇರಲೇಬೇಡಿ, ಗುಡುಗು ಸಿಡಿಲಿನ ಕಾಲ ಅದು.

ಇನ್ನು ಕೋತಿ. ಅವಕ್ಕೆ ಪ್ಲಾಸ್ಟಿಕ್ ಕವರಿನ ಸದ್ದು ಅಂದರೆ ಊಟದ ಗಂಟೆ ಹೊಡೆದ ಹಾಗೆ. ತಿಂಡಿಯನ್ನು ಬ್ಯಾಗಿನ ಒಳಗೆ ಡಬ್ಬಿಯಲ್ಲಿ ಇಡಿ. ಕೈಯಲ್ಲಿ ಬಾಳೆಹಣ್ಣು ಹಿಡಿದ ಮಗು ಅಂದರೆ ಜಗಳ ಗ್ಯಾರಂಟಿ. ಕಿತ್ತುಕೊಂಡರೆ ಬಿಟ್ಟುಬಿಡಿ, ಎಳೆದಾಡಬೇಡಿ. ಬಂಡೆಯ ಮಾಡಿನ ಕೆಳಗೆ ಹೆಜ್ಜೇನು ಕಟ್ಟಿದ್ದರೆ ಅಲ್ಲಿ ಹೊಗೆ ಬೇಡ, ಕಲ್ಲು ಎಸೆಯುವುದು ಬೇಡ, ಕೂಗಾಟ ಬೇಡ.

ಈಗ ಸಭೆಯಲ್ಲಿ ಕೇಳಿದ ಪ್ರಶ್ನೆಗಳು.

ಒಬ್ಬರು ಅಜ್ಜಿ ಕೇಳಿದರು: "ಹತ್ತೋದು ಹೇಗೋ ಹತ್ತುತ್ತೀನಿ, ಇಳಿಯೋವಾಗಲೇ ಮಂಡಿ ಹಿಡಿಯುತ್ತೆ. ಏನು ಮಾಡಲಿ?" ಅಜ್ಜಿ ಹೇಳಿದ್ದು ಸರಿ. ಇಳಿಯುವಾಗಲೇ ಮಂಡಿಯ ಮೇಲೆ ಭಾರ ಜಾಸ್ತಿ. ಒಂದು ಗಟ್ಟಿ ಕೋಲು ಹಿಡಿಯಿರಿ. ಒಂದೇ ಮೆಟ್ಟಿಲ ಮೇಲೆ ಎರಡೂ ಕಾಲು ಇಟ್ಟು ಇಳಿಯಿರಿ, ನಾಚಿಕೆ ಬೇಡ. ಅಗಲ ಮೆಟ್ಟಿಲಿದ್ದರೆ ಓರೆಯಾಗಿ ಇಳಿಯಿರಿ. ದೇವರಾಯನದುರ್ಗದಲ್ಲಾದರೆ ಮೆಟ್ಟಿಲು ಹತ್ತಿ, ವಾಪಸ್ ಆಗುವಾಗ ರಸ್ತೆ ಇರುವ ಕಡೆ ರಸ್ತೆ ಹಿಡಿಯಬಹುದು.

ಒಬ್ಬರು ತಾಯಿ: "ಮಗ ಹತ್ತು ನಿಮಿಷಕ್ಕೇ ಎತ್ಕೋ ಅಂತಾನೆ." ಅವನನ್ನು ಮುಂದೆ ಬಿಡಿ, ನೀವು ಅವನ ಹಿಂದೆ ಹೋಗಿ. ದೊಡ್ಡವರ ವೇಗಕ್ಕೆ ಎಳೆದರೆ ಯಾವ ಮಗುವೂ ಅಳುತ್ತದೆ. ಮುಂದಿನ ಮಂಟಪ, ಮುಂದಿನ ಮರ ಅಂತ ಚಿಕ್ಕ ಚಿಕ್ಕ ಗುರಿ ಕೊಡಿ. ಬೆಟ್ಟದ ತುದಿ ತೋರಿಸಿ "ಅಲ್ಲಿಗೆ" ಅಂದರೆ ಅವನು ಅಲ್ಲೇ ಕೂರುತ್ತಾನೆ. ಎತ್ತಿಕೊಳ್ಳಲೇಬೇಕಾದರೆ ಹೆಗಲ ಮೇಲೆ ಬೇಡ, ಇಳಿಯುವಾಗಂತೂ ಬೇಡವೇ ಬೇಡ.

"ತಿಂಡಿ ತಿಂದು ಹತ್ತಬೇಕಾ, ಹತ್ತಿ ಇಳಿದು ತಿನ್ನಬೇಕಾ?" ಕ್ಯಾತ್ಸಂದ್ರದ ತಟ್ಟೆ ಇಡ್ಲಿಯ ದಾರಿಯಲ್ಲಿ ಇರುವವರು ಕೇಳುವ ಪ್ರಶ್ನೆ ಇದು. ಮಕ್ಕಳಿಗೆ ಏನಾದರೂ ಹಗುರವಾಗಿ ಕೊಟ್ಟು ಹತ್ತಿಸಿ. ಬೆಣ್ಣೆ ಹಾಕಿದ ಎರಡು ತಟ್ಟೆ ಇಡ್ಲಿ ತಿಂದು ಬಸದಿ ಬೆಟ್ಟ ಹತ್ತುತ್ತೇನೆ ಅನ್ನುವ ದೊಡ್ಡವರನ್ನು ನಾನು ತಡೆಯುವುದಿಲ್ಲ, ಜೊತೆಗೂ ಬರುವುದಿಲ್ಲ.

ಕೊನೆಗೆ ಒಬ್ಬ ಹುಡುಗ ಎದ್ದು ನಿಂತು ಕೇಳಿದ: "ಅಂಕಲ್, ನಮ್ಮ ನಾಯಿನ ಕರ್ಕೊಂಡು ಹೋಗಬಹುದಾ?" ಬೇಡಪ್ಪ. ದೇವರಾಯನದುರ್ಗದ ಕಾಡಿನಲ್ಲಿ ಚಿರತೆ ಇದೆ. ಚಿರತೆಗೆ ನಾಯಿ ಅಂದರೆ ಬಹಳ ಇಷ್ಟ, ನಿನಗಿರುವಂಥ ಇಷ್ಟ ಅಲ್ಲ. ಕೋತಿ ಕಂಡರೆ ನಾಯಿ ಹಗ್ಗ ಎಳೆಯುತ್ತದೆ, ಮೆಟ್ಟಿಲ ಮೇಲೆ ನಿಮ್ಮಪ್ಪ ಬೀಳುತ್ತಾರೆ. ಗುಡಿಯೊಳಗೂ ಬಿಡುವುದಿಲ್ಲ. ಅದನ್ನು ಸಂಜೆ ಕೆರೆ ಏರಿ ಮೇಲೆ ಸುತ್ತಾಡಿಸು. ಬೆಟ್ಟಕ್ಕೆ ಅಪ್ಪ ಅಮ್ಮನ ಜೊತೆ ಬಾ, ಬೆಳಿಗ್ಗೆ ಆರೂವರೆಗೆ. ಟೋಪಿ ತರುವುದು ಮರೆಯಬೇಡ.